ವಿಸರ್ಜನ್ ಹೇಳದ ಸಂಜೆ

ಚೆರ್ರಿ ಹೂ ನೋಡಲು ಜಪಾನಿಗೆ ಹೋಗುತ್ತಿದ್ದೇವೆ ಎಂದು ದಾಸರಹಳ್ಳಿಯ ನಮ್ಮ ಬೀದಿಗೆಲ್ಲ ಹೇಳಿ ಹೊರಟೆ. ಹೊರಟದ್ದು ನವೆಂಬರಿನಲ್ಲಿ. ಆ ಹೂ ಬಿಡುವುದು ಬೇಸಿಗೆಯ ಶುರುವಿನಲ್ಲಿ ಎಂದು ನನಗೆ ಗೊತ್ತಾದದ್ದು ಅಲ್ಲಿ ಇಳಿದ ಮೇಲೆ. ಎದುರುಮನೆಯಾಕೆಗೆ ಮೊದಲೇ ಗೊತ್ತಿತ್ತಂತೆ, ನಕ್ಕು ಕಳಿಸಿದ್ದಳು. ಸುಳ್ಳು ಹೇಳುವವರು ಕ್ಯಾಲೆಂಡರ್ ನೋಡಿಕೊಂಡು ಹೇಳಬೇಕು.

ನಿಜ ಏನೆಂದರೆ, ನನ್ನ ಗಂಡನನ್ನು ಆ ಮನೆಯಿಂದ, ಮುಖ್ಯವಾಗಿ ಆ ಮನೆಯ ತಾರಸಿಯಿಂದ, ಒಂದಷ್ಟು ದಿನ ದೂರ ಕರೆದುಕೊಂಡು ಹೋಗಬೇಕಾಗಿತ್ತು.

ಇವರು, ಎಂದರೆ ನನ್ನ ಯಜಮಾನರು ರಂಗಸ್ವಾಮಿ, ಸೇನೆಯ ಇಂಜಿನಿಯರ್ ದಳದಲ್ಲಿ ಸುಬೇದಾರರಾಗಿದ್ದವರು. ರಸ್ತೆ, ಸೇತುವೆ, ಹಿಮ ಸರಿಸುವುದು, ಇಂಥ ಕೆಲಸ. ಇವರು ಗಡಿಯಲ್ಲಿದ್ದಷ್ಟು ಕಾಲ ನಾನು ಅರಸೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಊರಿನವರಿಗೆಲ್ಲ ಲೈನ್ ಕೂಡಿಸಿ ಕೊಡುತ್ತಿದ್ದೆ, ಇವರಿದ್ದ ಕಡೆಗೆ ಮಾತ್ರ ಲೈನೇ ಇರಲಿಲ್ಲ. ಪಿಂಚಣಿ ಪಡೆದು ಬಂದಾಗ, ಅಂತೂ ಮನುಷ್ಯ ಮನೆ ಸೇರಿದರಲ್ಲ ಎಂದು ಹಿಗ್ಗಿದ್ದೆ. ಬಂದವರು ಯಾರು ಎಂದು ಸರಿಯಾಗಿ ನೋಡುವುದಕ್ಕೆ ಸ್ವಲ್ಪ ಕಾಲ ಹಿಡಿಯಿತು.

ಮೊದಲು ಗೇಟಿಗೆ ಬಣ್ಣ ಹೊಡೆದರು. ಆಮೇಲೆ ಕಾಂಪೌಂಡಿಗೆ. ಹೊಡೆಯಲು ಇನ್ನೇನೂ ಉಳಿಯದೆ, ದಂಡಿನಲ್ಲಿ ಮಾಡುವ ಹಾಗೆ, ಪಕ್ಕದ ಮನೆಯ ತೆಂಗಿನ ಮರದ ಬುಡಕ್ಕೆ ಕೆಮ್ಮಣ್ಣು ಸುಣ್ಣ ಬಳಿದು ಬೈಸಿಕೊಂಡರು. ಬಳಿಕ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸಕ್ಕೆ ಸೇರಿದರು. ಒಂದು ಬೆಳಿಗ್ಗೆ ಮಗನ ವಯಸ್ಸಿನವನೊಬ್ಬ, "ಏಯ್ ಸೆಕ್ಯುರಿಟಿ, ಈ ಬ್ಯಾಗ್ ಲಿಫ್ಟ್‌ಗಿಡು" ಎಂದನಂತೆ. ಇಟ್ಟು, ನೆಟ್ಟಗೆ ಮನೆಗೆ ಬಂದರು. ಮತ್ತೆ ಹೋಗಲಿಲ್ಲ. ಮಾತು ಕಡಿಮೆಯಾದದ್ದು ಆವಾಗಿನಿಂದ ಎಂದು ನಾನು ಅಂದುಕೊಂಡಿದ್ದೆ.

ಒಂದು ದಿನ ಕಾಫಿಗೆ ಕರೆಯಲು ಹೋದರೆ, ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಎದೆಗೆ ಪದಕಗಳನ್ನೆಲ್ಲ ಸಿಕ್ಕಿಸಿಕೊಂಡು, ತಾರಸಿಯ ಮೋಟುಗೋಡೆಯ ಮೇಲೆ ಕಾಲು ಹೊರಗೆ ಇಳಿಬಿಟ್ಟು ಕೂತಿದ್ದರು. "ರೀ, ಕಾಫಿ ಆರಿ ಹೋಗುತ್ತೆ" ಎಂದೆ. ಇಳಿದು ಬಂದರು, ಕಾಫಿ ಕುಡಿದರು. ಅವತ್ತೇ ತಾರಸಿಯ ಬಾಗಿಲಿಗೆ ಬೀಗ ಹಾಕಿದೆ.

ಡಾಕ್ಟರ ಬಳಿಗೂ ಕರೆದುಕೊಂಡು ಹೋದೆ. ಮನಸ್ಸಿನ ಡಾಕ್ಟರು, ಸೇನೆಯವರೇ, ಮೇಜರ್. ಎಡವಟ್ಟಾದದ್ದೇ ಅಲ್ಲಿ. ಮೇಜರ್ ಎದುರಿಗೆ ಇವರು ಕೂರಲೇ ಇಲ್ಲ. ಅವರು "ಬೈಠಿಯೇ ಸಾಹಬ್, ಏನು ತೊಂದರೆ" ಎಂದರೆ ಇವರು ಸೆಟೆದು ನಿಂತು "ಸಬ್ ಠೀಕ್ ಹೈ ಸರ್" ಎಂದರು. ಡಾಕ್ಟರು ನನ್ನ ಮುಖ ನೋಡಿದರು, ನಾನು ಡಾಕ್ಟರ ಮುಖ ನೋಡಿದೆ. ಆಗ ಜಪಾನಿನಲ್ಲಿದ್ದ ಮಗಳು, "ಅಮ್ಮ, ಸುಮ್ನೆ ಇಲ್ಲಿಗೆ ಕರ್ಕೊಂಡ್ ಬಾ" ಎಂದಳು.

ಗ್ಯೋಟೋಕು

ಮಗಳು ವಿನುತಾ ಟೋಕಿಯೊದಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಾಳೆ. ಭೂಮಿ ನಡುಗಿದಾಗ ಗಟ್ಟಿ ನೆಲ ಯಾಕೆ ಅಂಬಲಿಯಾಗುತ್ತದೆ ಎಂಬುದು ಅವಳ ವಿಷಯ. ಮಣ್ಣು ಹೊರುವುದಕ್ಕೆ ಇಷ್ಟೆಲ್ಲ ಓದಬೇಕಿತ್ತೇ ಎಂದು ನಾನು ರೇಗಿಸುತ್ತಿರುತ್ತೇನೆ. ಅವಳ ಮನೆ ಟೋಕಿಯೊ ಪಕ್ಕದ ಗ್ಯೋಟೋಕುವಿನಲ್ಲಿ. ಮನೆ ಎನ್ನುವುದು ನಮ್ಮ ಮರ್ಯಾದೆಗೆ, ಅದು ನಮ್ಮ ದೇವರಕೋಣೆಗಿಂತ ಒಂದು ಸುತ್ತು ದೊಡ್ಡದು, ಅಷ್ಟೇ. ರೈಲಿನಲ್ಲಿ ಜನ ನಿಂತೇ ನಿದ್ದೆ ಮಾಡಿ, ತಮ್ಮ ಸ್ಟೇಷನ್ ಬಂದಾಗ ತಾವೇ ಎಚ್ಚರಾಗುತ್ತಾರೆ. ನಿದ್ದೆಯೇ ಬರದ ಗಂಡನ ಜೊತೆ ಬಂದ ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವಳ ಮನೆಯ ಹತ್ತಿರ ರಸ್ತೆ ಅಗೆಯುತ್ತಿದ್ದರು. ಅಲ್ಲಿ ಸಮವಸ್ತ್ರ, ಹೆಲ್ಮೆಟ್ ತೊಟ್ಟ ಮುದುಕರೊಬ್ಬರು ಕೆಂಪು ದೀಪದ ಕೋಲು ಹಿಡಿದು ಜನರನ್ನು ದಾಟಿಸುತ್ತಿದ್ದರು. ನಾವು ಹೋದಾಗ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಯಾರಿಗಪ್ಪಾ ಎಂದು ನಾನು ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಇವರು ಮಾತ್ರ ತಟ್ಟನೆ ಸೆಲ್ಯೂಟ್ ಹೊಡೆದರು. ಅಷ್ಟರಲ್ಲಿ ಆಫೀಸಿಗೆ ಓಡುತ್ತಿದ್ದ ಹೆಂಗಸೊಬ್ಬಳು ಆ ಮುದುಕರಿಗೆ ತಲೆಬಾಗಿ ಏನೋ ಹೇಳಿ ಹೋದಳು.

"ಏನಂದ್ಲು?" ಎಂದು ಇವರು ಕೇಳಿದರು. ಎಷ್ಟೋ ದಿನಗಳ ಮೇಲೆ ತಾವಾಗಿ ಕೇಳಿದ ಪ್ರಶ್ನೆ.

"ಒತ್ಸುಕಾರೆಸಮಾ ಅಂತ ಅಪ್ಪ. ಪಾಪ ದಣಿದಿದೀರಿ, ಥ್ಯಾಂಕ್ಸ್ ಅನ್ನೋ ಥರ."

"ಸೆಕ್ಯುರಿಟಿಗೂ ಹೇಳ್ತಾರಾ?"

"ಕೆಲಸ ಮಾಡೋರಿಗೆಲ್ಲ ಹೇಳ್ತಾರೆ."

ಮರುದಿನದಿಂದ ಇವರು ತಿಂಡಿ ಮುಗಿಸಿ ಅಲ್ಲಿ ಹೋಗಿ ನಿಲ್ಲತೊಡಗಿದರು. ಮಾತಿಲ್ಲ ಕತೆಯಿಲ್ಲ, ಮುದುಕರ ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದು. ಆ ಪುಣ್ಯಾತ್ಮ ಒಂದು ದಿನ ಮೆಷಿನ್ನಿನಿಂದ ಬಿಸಿ ಕಾಫಿ ಡಬ್ಬಿ ತೆಗೆದು ಇವರ ಕೈಗಿಟ್ಟರಂತೆ. ನನಗೆ ಅಳು ಬರುವಷ್ಟು ಸಂತೋಷವಾಯಿತು. ಆದರೆ ರಸ್ತೆ ರಿಪೇರಿ ಮುಗಿಯಿತು. ಕೋಲು, ಹೆಲ್ಮೆಟ್, ಮುದುಕರು ಎಲ್ಲ ಒಂದೇ ದಿನ ಮಾಯ. ಇವರು ಹೊಸ ಡಾಂಬರು ನೋಡಿಕೊಂಡು ವಾಪಸ್ ಬಂದರು.

ಆಮೇಲೆ ಒಂದು ಬೆಳಿಗ್ಗೆ ಭೂಮಿ ನಡುಗಿತು. ವಿನುತಾಳ ಫೋನು ಪೀಡೆ ಹಿಡಿದಂತೆ ಕಿರುಚಿತು, ಶೆಲ್ಫಿನ ಬಟ್ಟಲುಗಳು ಗಲಗಲ ಎಂದವು. ನಾನು ಮೇಜಿನ ಕೆಳಗೆ ತೂರಿದೆ, ಅರ್ಧ ಮೈ ಮಾತ್ರ ಹಿಡಿಸಿತು. ಇವರು ಬನಿಯನ್ ಪಂಚೆಯಲ್ಲೇ ಎದ್ದು, ನನ್ನನ್ನೂ ಮಗಳನ್ನೂ ಕೆಳಗೆ ಅಟ್ಟಿ, ಆ ಕಟ್ಟಡದ ಪ್ರತಿ ಬಾಗಿಲು ಬಡಿದು, "ಬಾಹರ್ ನಿಕಲೋ! ಜಲ್ದಿ!" ಎಂದು ಕೂಗುತ್ತಾ ಮೆಟ್ಟಿಲಿಳಿದರು. ಆ ಗಂಟಲು ನನಗೆ ಮರೆತೇ ಹೋಗಿತ್ತು. ನಾಕಾರು ಬಾಗಿಲು ಒಂದು ಗೇಣು ತೆರೆದವು. "ಸುಮಿಮಾಸೆನ್" ಎಂದು ಮೆಲ್ಲಗೆ ಕ್ಷಮೆ ಕೇಳಿ ಮತ್ತೆ ಮುಚ್ಚಿಕೊಂಡವು. ಅವರಿಗೆ ಇಂಥ ನಡುಕ ದಿನದ ಮಾತು. ನಡುಕ ನಿಂತ ಮೇಲೆ ಎದುರಿನ ಕೊಂಬಿನಿ ಅಂಗಡಿಗೆ ಜನ ಎಂದಿನಂತೆ ಹಾಲು ಬ್ರೆಡ್ಡು ಕೊಳ್ಳಲು ಹೋದರು. ಇವರು ಚಳಿಯಲ್ಲಿ ಅಂಗಳದ ನಡುವೆ, ಹೊರಬರದ ಜನರಿಗಾಗಿ ಕಾಯುತ್ತಾ ನಿಂತಿದ್ದರು.

"ಒಬ್ರೂ ಬರ್ಲಿಲ್ಲ" ಎಂದರು. ವಿನುತಾ ನಗಲು ಹೋದವಳು ಅವರ ಮುಖ ನೋಡಿ, ತನ್ನ ಶಾಲು ತೆಗೆದು ಅವರಿಗೆ ಹೊದಿಸಿದಳು.

ನಿಶಿ ಕಸಾಯಿ

ನಿಶಿ ಕಸಾಯಿ ನಮ್ಮ ದೇಶದವರು ಹೆಚ್ಚಾಗಿರುವ ಬಡಾವಣೆ, ಅಲ್ಲಿ ತೊಗರಿಬೇಳೆಯಿಂದ ಹಿಡಿದು ಕರಿಬೇವಿನವರೆಗೆ ಎಲ್ಲ ಸಿಗುತ್ತದೆ. ಭಾನುವಾರ ಅಲ್ಲಿ ವಿನುತಾಳ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋದೆವು. ಮೈಸೂರಿನವರು, ಬಿಸಿಬೇಳೆಬಾತು ಮಾಡಿದ್ದರು. ಗೆಳತಿಯ ಗಂಡ ಬಹಳ ಪ್ರೀತಿಯಿಂದಲೇ ವಿಚಾರಿಸಿಕೊಂಡ.

"ಅಂಕಲ್ ಆರ್ಮೀನಾ? ಸೂಪರ್ ಅಂಕಲ್! ಬಾರ್ಡರಲ್ಲಿ ಯಾರಿಗಾದ್ರೂ ಶೂಟ್ ಮಾಡಿದೀರಾ?"

"ನಾವು ಇಂಜಿನಿಯರ್ಸು. ರೋಡು, ಬ್ರಿಡ್ಜು."

"ಓ. ಮತ್ತೆ ಈಗೇನ್ ಮಾಡ್ತಿದೀರಾ ಅಂಕಲ್?"

ಇವರು ತಟ್ಟೆಯಲ್ಲೇ ಬೆರಳಾಡಿಸಿದರು. "ಈಗೇನಿಲ್ಲ" ಎಂದರು. ನಮ್ಮೂರಲ್ಲೂ ಕೇಳುವುದು ಇದನ್ನೇ. ಸಿಪಾಯಿ ಗಡಿಯಲ್ಲಿದ್ದರೆ ದೇಶವೆಲ್ಲ ಅವನದು, ಬೂಟು ಬಿಚ್ಚಿದ ಮರುದಿನ ಅವನು ತನ್ನದೇ ಬೀದಿಯಲ್ಲಿ ಗುರುತು ಹೇಳಿಕೊಳ್ಳಬೇಕು. ಆ ಮನೆಯ ಪುಟ್ಟ ಹುಡುಗಿ, ಕನ್ನಡ ತಿಳಿದರೂ ಮಾತಾಡದವಳು, ಇವರ ಮೊಣಕಾಲಿಗೆ ಕೈಯಿಟ್ಟು "ದಾಯ್ಜೋಬು?" ಎಂದಳು. ಹುಷಾರಾಗಿದ್ದೀರಾ ಎಂದು ಅರ್ಥವಂತೆ. "ಸಬ್ ಠೀಕ್" ಎಂದರು ಇವರು, ಮೇಜರ್ ಎದುರು ಹೇಳಿದ ಅದೇ ದನಿಯಲ್ಲಿ.

ವಾಪಸ್ ಬರುವಾಗ ಪ್ಲಾಟ್‌ಫಾರಂನಲ್ಲಿ ಇವರು ಹಳದಿ ಗೆರೆ ದಾಟಿ ಅಂಚಿಗೆ ಹೋಗಿ ನಿಂತುಬಿಟ್ಟರು. ದೂರದಲ್ಲಿ ರೈಲಿನ ದೀಪ. ನಾನು ಸ್ವೆಟರ್ ಹಿಡಿದು ಎಳೆದೆ. "ಗಾಡಿ ನೋಡ್ತಿದ್ದೆ ಕಣೆ" ಎಂದರು. ಗ್ಯೋಟೋಕು ಬರುವವರೆಗೆ ನಾನು ಆ ಸ್ವೆಟರ್ ಬಿಡಲಿಲ್ಲ. ಎಲ್ಲಿಗೆ ಕರೆದುಕೊಂಡು ಬಂದರೂ ಆ ತಾರಸಿ ನಮ್ಮ ಜೊತೆಯೇ ಬಂದಿದೆ ಎಂದು ಅವತ್ತು ಖಾತ್ರಿಯಾಯಿತು.

ಮನೆಗೆ ಬಂದವಳೇ ಮಗಳಿಗೆ ಎಲ್ಲ ಹೇಳಿದೆ. ಅವಳು ತಟ್ಟೆ ಒರೆಸುತ್ತಾ ಸ್ವಲ್ಪ ಹೊತ್ತು ಅತ್ತು, ಆಮೇಲೆ ಹೇಳಿದಳು: "ನಮ್ ಲ್ಯಾಬಲ್ಲಿ ಆಯಾಕೊ ಸಾನ್ ಅಂತ ಇದಾರಲ್ಲಮ್ಮ, ಅವರಪ್ಪಾನೂ ಇಲ್ಲಿನ ಸೇನೆಯವ್ರು. ಸುನಾಮಿ ಆದಾಗ ಬಾಡಿ ಹುಡುಕೋ ಕೆಲಸ ಮಾಡಿದ್ರಂತೆ. ರಿಟೈರ್ ಆದ್ಮೇಲೆ ಅವರಿಗೂ ಹೀಗೇ ಆಗಿತ್ತಂತೆ. ಒಂದ್ಸಲ ಅಲ್ಲಿಗೆ ಕರ್ಕೊಂಡ್ ಹೋಗೋಣ."

"ಆ ಮುದುಕನಿಗೆ ಕನ್ನಡ ಬರಲ್ಲ, ನಿಮ್ಮಪ್ಪನಿಗೆ ಜಪಾನಿ ಬರಲ್ಲ. ಹೋಗಿ ಏನ್ ಮಾಡ್ತಾರೆ?"

"ನಿಮ್ಮಿಬ್ರಿಗೂ ಕನ್ನಡ ಬರುತ್ತೆ. ಏನ್ ಮಾಡಿದ್ರಿ?"

ಬ್ಯಾಗಿಗೆ ಚಕ್ಕುಲಿ ತುಂಬಿಕೊಂಡೆ. ಹೊರಟೆವು.

ಉತ್ತರದ ರೈಲು

ಆ ವೇಗದ ರೈಲಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಮಾತಾಡಲೇಬೇಕಾದರೆ ಎದ್ದು ಬೋಗಿಯ ಆಚೆ ಹೋಗಿ, ಗೋಡೆಗೆ ಮುಖ ಮಾಡಿ, ಕಳ್ಳರಂತೆ ಪಿಸುಗುಡುತ್ತಾರೆ. ಇಂಥ ದೇಶದಲ್ಲಿ ಹುಟ್ಟಿದ್ದರೆ ನನ್ನ ಎಕ್ಸ್‌ಚೇಂಜು ಎಂದೋ ಮುಚ್ಚಿರುತ್ತಿತ್ತು. ಚಕ್ಕುಲಿ ತೆಗೆದು ಕಡಿದೆ. ಆ ಸದ್ದಿಗೆ ಇಡೀ ಬೋಗಿ ನನ್ನ ಕಡೆ ತಿರುಗದೇ ಇರಲು ಪ್ರಯತ್ನಿಸಿತು. ಉಳಿದ ಚಕ್ಕುಲಿಯನ್ನು ಬಾಯಲ್ಲಿ ನೆನೆಸಿ ನುಂಗಿದೆ.

ಸೆಂದಾಯ್‌ನಲ್ಲಿ ಇಳಿದು ಸಣ್ಣ ರೈಲು ಹತ್ತಿ ಸಮುದ್ರದ ಕಡೆ ಹೋದೆವು. ಸುನಾಮಿ ಬಂದು ಹೋಗಿ ಆಗಲೇ ಕೆಲವು ವರ್ಷ ಕಳೆದಿದ್ದವು. ಒಂದು ಕಡೆ ಹೊಸ ಮನೆಗಳು ಗುಡ್ಡದ ಮೇಲೆ ಸಾಲಾಗಿ ನಿಂತಿದ್ದವು. ಕೆಳಗೆ, ಹಳೆಯ ಊರಿದ್ದ ಜಾಗದಲ್ಲಿ, ಬರೀ ತಳಪಾಯ. ಇದು ಅಡುಗೆಮನೆ, ಇದು ಬಚ್ಚಲು ಎಂದು ಗುರುತು ಹಿಡಿಯಬಹುದಾದಷ್ಟು ಸ್ಪಷ್ಟವಾಗಿ ಸಿಮೆಂಟಿನ ಗೆರೆಗಳು, ನಡುವೆ ಎದೆಯೆತ್ತರ ಹುಲ್ಲು. ಸಮುದ್ರಕ್ಕೆ ಅಡ್ಡಲಾಗಿ ದೊಡ್ಡ ಕಾಂಕ್ರೀಟ್ ಗೋಡೆ ಎದ್ದಿತ್ತು. ಇವರು ಅದನ್ನು ಇಂಜಿನಿಯರನ ಕಣ್ಣಿನಲ್ಲಿ ನೋಡಿದರು.

ಕಿಕುಚಿ ಸಾನ್ ಅವರ ಮನೆ

ಆಯಾಕೊಳ ತಂದೆ ಕಿಕುಚಿ ಸಾನ್, ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ, ಗುಡ್ಡದ ಮೇಲಿನ ಹೊಸ ಮನೆಯೊಂದರಲ್ಲಿರುತ್ತಾರೆ. ಗಿಡ್ಡ ಆಳು, ಕತ್ತರಿಸಿದ ಕೂದಲು, ಅಂಗೈ ಮಾತ್ರ ಮೊರದಗಲ. ಅಲ್ಲಿನ ಪದ್ಧತಿಯಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಅತಿಥಿಗಳ ಪಾದರಕ್ಷೆಯನ್ನು ಹೊರಮುಖವಾಗಿ ತಿರುಗಿಸಿ ಜೋಡಿಸುವುದು ಮನೆಯವರ ಕೆಲಸ. ಕಿಕುಚಿಯವರ ಹೆಂಡತಿ ಓಡಿ ಬಂದು ನನ್ನವನ್ನು ಜೋಡಿಸಿದರು. ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಬಿದ್ದಿದ್ದವು. ಇವರ ಬೂಟುಗಳು ಆಗಲೇ ಹಿಮ್ಮಡಿಗೆ ಹಿಮ್ಮಡಿ ಕೂಡಿ, ಲೇಸು ಒಳಗೆ ಸೇರಿ, ಸೂತ್ರ ಹಿಡಿದಂತೆ ನಿಂತಿದ್ದವು. ಕಿಕುಚಿ ಸಾನ್ ಬೂಟು ನೋಡಿದರು, ಇವರ ಮುಖ ನೋಡಿದರು, ಏನೋ ಕೇಳಿದರು.

"ಯಾವ ರ‍್ಯಾಂಕು ಅಂತ ಕೇಳ್ತಿದಾರೆ ಅಪ್ಪ."

"ಸುಬೇದಾರ್" ಎಂದರು ಇವರು, ಬೆನ್ನು ನೆಟ್ಟಗಾಯಿತು.

ಊಟಕ್ಕೆ ಕೂತೆವು. ಸಾರಿಗೂ ಮೀನಿನ ರಸ ಹಾಕುವ ಊರಿನಲ್ಲಿ ಮೀನು ಮುಟ್ಟದ ನನಗೆಂದು ಬರೀ ಅನ್ನದ ಉಂಡೆ ಕಟ್ಟಿ, ಒಳಗೆ ಉಪ್ಪಿನಲ್ಲಿ ಹಾಕಿದ ಒಂದು ಹಣ್ಣಿಟ್ಟಿದ್ದರು ಆಕೆ. ಬಾಯಿಗಿಟ್ಟರೆ ಥೇಟ್ ನಮ್ಮ ಉಪ್ಪು ನಿಂಬೆಕಾಯಿ. ಜ್ವರ ಬಂದವರಿಗೆ ಗಂಜಿಯ ಜೊತೆ ಕೊಡುತ್ತಾರಂತೆ. ನಾವೂ ಹಾಗೇ ಎಂದೆ. ಇಬ್ಬರು ಹೆಂಗಸರು ಉಪ್ಪಿನಕಾಯಿಯಲ್ಲಿ ನೆಂಟರಾದೆವು.

ಕಿಕುಚಿ ಸಾನ್ ತಮ್ಮ ಕತೆಯನ್ನು ಬೇರೆ ಯಾರದೋ ಎನ್ನುವ ಹಾಗೆ ಹೇಳಿದರು, ವಿನುತಾ ತುಂಡು ತುಂಡಾಗಿ ಕನ್ನಡಕ್ಕೆ ತಂದಳು. ಕೆಲಸದಲ್ಲಿದ್ದಾಗ ಏನೂ ಆಗಿರಲಿಲ್ಲ. ಕೆಸರಿನಿಂದ ಜನರನ್ನು ತೆಗೆದರು, ಮುಖ ಒರೆಸಿದರು, ಕೈಮುಗಿದರು. ನಿವೃತ್ತಿಯಾದ ದಿನ ಹೂಗುಚ್ಛ ಕೊಟ್ಟು ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಬಚ್ಚಲ ತೊಟ್ಟಿಗೆ ಇಳಿಯಲು ಹೋದರೆ ಕಾಲೇ ಬರಲಿಲ್ಲ. ಕುತ್ತಿಗೆಯವರೆಗೆ ನೀರಿನಲ್ಲಿ ಕೂರುವುದೇ ದಿನದ ಸುಖ ಎನ್ನುವ ದೇಶದಲ್ಲಿ ಈ ಮನುಷ್ಯ ತಿಂಗಳುಗಟ್ಟಲೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರು. ಸಮುದ್ರದ ಕಡೆ ನಡೆದು ಹೋಗುವುದು, ಹೆಂಡತಿ ಹಿಂದೆ ಹೋಗಿ ಕರೆತರುವುದು. ಗಂಡ ಇದನ್ನು ಹೇಳುವಾಗ ಆಕೆ ನನ್ನ ಕಡೆ ನೋಡಿದರು. ಆ ನೋಟಕ್ಕೆ ವಿನುತಾಳ ಅನುವಾದ ಬೇಕಾಗಲಿಲ್ಲ.

ಆ ಊರಿನ ನಿವೃತ್ತ ನರ್ಸ್ ಒಬ್ಬರು ಕಿಕುಚಿಯವರಂಥ ಮಾಜಿ ಸೈನಿಕರನ್ನು ಒಟ್ಟು ಸೇರಿಸಿದರಂತೆ. ಕೂರಿಸಿ ಮಾತಾಡಿಸಲು ನೋಡಿದರು. ಗಂಡಸರು ಚಹಾ ಕುಡಿದು ಎದ್ದು ಹೋದರು. ಕೊನೆಗೆ ಆಕೆ ಕೈಗೆ ಸಲಿಕೆ ಕೊಟ್ಟರು. ಸುನಾಮಿಯಲ್ಲಿ ಹೋದವರಲ್ಲಿ ಇನ್ನೂ ಸಿಗದವರಿದ್ದಾರೆ. ಅಂಥ ಮನೆಯವರಿಗಾಗಿ ಈ ಗಂಡಸರು ತಿಂಗಳಿಗೊಮ್ಮೆ ಸಮುದ್ರದ ಮರಳು ಅಗೆದು, ಜರಡಿ ಹಿಡಿದು ಹುಡುಕುತ್ತಾರೆ. ಒಮ್ಮೊಮ್ಮೆ ಮೂಳೆಯ ಚೂರು, ಹೆಚ್ಚಿನ ಸಲ ಬರೀ ಚಿಪ್ಪು. ಕೆಲಸ ಮುಗಿದ ಮೇಲೆ ಹಿಂದಿನಂತೆ ಸಾಲಾಗಿ ನಿಲ್ಲುತ್ತಾರೆ, ಯಾರಾದರೊಬ್ಬರು ಮುಂದೆ ಬಂದು "ಕೈಸಾನ್" ಎನ್ನುತ್ತಾರೆ. ಅದು ಅವತ್ತಿನ ಮಟ್ಟಿಗೆ ಮಾತ್ರ, ಮುಂದಿನ ತಿಂಗಳು ಮತ್ತೆ ಅಗೆತ.

"ಕೈಸಾನ್ ಅಂದ್ರೆ..." ವಿನುತಾ ಪದ ಹುಡುಕಿದಳು. "ಪರೇಡ್ ಮುಗಿದ್ಮೇಲೆ ಡಿಸ್ಮಿಸ್ ಅಂತಾರಲ್ಲ ಅಪ್ಪ."

"ವಿಸರ್ಜನ್" ಎಂದರು ಇವರು.

ದಂಡಿನ ಹಿಂದಿ ನನಗೆ ಮೊದಲಿಂದಲೂ ತಮಾಷೆ. ನಮ್ಮಲ್ಲಿ ಸಾವಧಾನ ಎಂದರೆ ಅವಸರ ಬೇಡ ಎಂದು, ಅಲ್ಲಿ ಸಾವ್‌ಧಾನ್ ಎಂದರೆ ಸೆಟೆದು ನಿಲ್ಲಬೇಕು. ನಮ್ಮಲ್ಲಿ ವಿಸರ್ಜನೆ ಎಂದರೆ ಗಣಪತಿಯನ್ನು ಕೆರೆಗೆ ಬಿಡುವುದು, ಅಲ್ಲಿ ಸಾಲು ಮುರಿದು ಮನೆಗೆ ಹೋಗಿ ಎಂಬ ಆಜ್ಞೆ. ಗಣಪತಿಯನ್ನು ನೆನೆದು ನಾನು ನಕ್ಕೆ. ಇವರು ನಗಲಿಲ್ಲ. ಕಿಕುಚಿ ಸಾನ್ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದರು: "ಅವಾಗ, ಸುನಾಮಿ ಟೈಮಲ್ಲಿ, ಹುಡುಕೋದು ನಿಲ್ಲಿಸಿ ಅಂತ ಆರ್ಡರ್ ಕೊಟ್ಟಿದ್ದು ಯಾರು?"

ವಿಚಿತ್ರ ಪ್ರಶ್ನೆ ಎನಿಸಿತು ನನಗೆ. ವಿನುತಾ ಹಿಂಜರಿಯುತ್ತಲೇ ಕೇಳಿದಳು. ಕಿಕುಚಿ ಸಾನ್ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಆರ್ಡರು ಮೇಲಿಂದ ಬಂತಂತೆ ಅಪ್ಪ. ಇವರ ತಂಡಕ್ಕೆ ಹೇಳಿದ್ದು ಇವರೇ ಅಂತೆ."

ಇವರು ತಲೆಯಾಡಿಸಿದರು. ಆಮೇಲೆ ಚಹಾದ ಪಾತ್ರೆ ಎತ್ತಿ ಕಿಕುಚಿ ಸಾನ್ ಬಟ್ಟಲಿಗೆ ತಾವೇ ಬಗ್ಗಿಸಿದರು.

ಮರಳು

ಮುಂದಿನದನ್ನು ಓದಿ ಪವಾಡ ನಡೆಯಿತೆಂದು ಯಾರೂ ತಿಳಿಯಬಾರದು. ಇವರಿಗೆ ಈಗಲೂ ನಿದ್ದೆಗೆ ಮಾತ್ರೆ ಬೇಕು. ತಾರಸಿಯ ಬಾಗಿಲಿಗೆ ನಾನು ಈಗಲೂ ಬೀಗ ಹಾಕುತ್ತೇನೆ. ಬದಲಾದದ್ದು ಇಷ್ಟೇ, ಮೇಜರ್ ಎದುರು ಈಗ ಕುರ್ಚಿಯಲ್ಲಿ ಕೂರುತ್ತಾರೆ, ಕೂತು ಮಾತಾಡುತ್ತಾರೆ.

ಮರುದಿನ ಆ ತಿಂಗಳ ಅಗೆತ. ಗೋಡೆಯ ಆಚೆ, ಬೂದು ಬಣ್ಣದ ಸಮುದ್ರದ ಮುಂದೆ, ಹತ್ತು ಹನ್ನೆರಡು ಮಂದಿ ಮುದುಕರು ರಬ್ಬರ್ ಬೂಟು ಹಾಕಿಕೊಂಡು ಸೇರಿದ್ದರು. ಇವರಿಗೂ ಒಂದು ಜೊತೆ ಬೂಟು, ಒಂದು ಸಲಿಕೆ ಸಿಕ್ಕಿತು. ಹೇಳಿಕೊಡುವುದು ಏನೂ ಬೇಕಾಗಲಿಲ್ಲ. ಇವರು ಸಾಲು ಹಿಡಿದು, ಪಕ್ಕದವರ ಸಲಿಕೆಯ ಲಯ ನೋಡಿಕೊಂಡು ಅಗೆಯಲು ಶುರುಮಾಡಿದರು. ನಾನೂ ವಿನುತಾಳೂ ಜರಡಿ ಹಿಡಿದೆವು. ಚಳಿಗಾಳಿಗೆ ಮೂಗು ಸೋರುತ್ತಿತ್ತು. ಸಿಕ್ಕಿದ್ದು ಚಿಪ್ಪು, ಒಂದು ಮಗುವಿನ ಪ್ಲಾಸ್ಟಿಕ್ ಚಮಚ, ಬಲೆಯ ಚೂರು. ಚಮಚವನ್ನು ಒಬ್ಬರು ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟರು.

ಸಂಜೆಯಾಗುತ್ತಾ ಬಂದಾಗ ಎಲ್ಲರೂ ಸಲಿಕೆ ಊರಿ ಸಾಲಾಗಿ ನಿಂತರು. ಕಿಕುಚಿ ಸಾನ್ ಇವರ ಬಳಿ ಬಂದು, ಬಗ್ಗಿ, ಸಾಲಿನ ಮುಂದಿನ ಜಾಗಕ್ಕೆ ಕೈ ತೋರಿದರು.

"ಇವತ್ತು ನೀವು ಹೇಳ್ಬೇಕಂತೆ ಅಪ್ಪ. ಗೆಸ್ಟ್‌ಗೆ ಮರ್ಯಾದೆ. ನಿಮ್ಮ ಭಾಷೇಲೇ ಹೇಳಿ ಅಂತಿದಾರೆ."

ನನಗೆ ಖುಷಿಯೋ ಖುಷಿ. ಇವರ ಆಜ್ಞೆಗೆ ಕಾದು ನಿಂತ ಒಂದು ಸಾಲು ಜನ! "ಹೋಗಿ ರೀ, ಜೋರಾಗಿ ಹೇಳಿ" ಎಂದು ಬೆನ್ನಿಗೆ ಕೈ ಹಚ್ಚಿ ತಳ್ಳಿದೆ. ಇವರು ಹೋಗಿ ಮುಂದೆ ನಿಂತರು. ಮುದುಕರು ಎದೆ ಸೆಟೆಸಿದರು. ಇವರ ಕಣ್ಣು ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು, ಮತ್ತೆ ಈ ತುದಿಗೆ ಬಂತು. ಬಾಯಿ ತೆರೆದರು. ಮತ್ತೆ ಎಣಿಸಿದರು. ಗಾಳಿ ಬೀಸುತ್ತಿತ್ತು, ಯಾರೂ ಅಲುಗಲಿಲ್ಲ.

"ಅಪ್ಪ?" ಎಂದಳು ವಿನುತಾ.

"ಒಬ್ಬ ಕಮ್ಮಿ ಇದಾನೆ" ಎಂದರು.

"ಎಲ್ಲಾರೂ ಇದಾರಪ್ಪ."

"ಮಲ್ಲಪ್ಪ ಇಲ್ಲ."

ಮಲ್ಲಪ್ಪ ಗೋಕಾಕದ ಕಡೆಯ ಸಿಪಾಯಿ, ಇವರ ಕೈಕೆಳಗಿದ್ದವನು. ರಜೆಗೆ ಊರಿಗೆ ಹೋಗುವಾಗ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು, ಇವರು ಕಳಿಸಿದ ಗಂಟು ನನಗೆ ತಲುಪಿಸಿ, ಊಟ ಮಾಡಿ ಮುಂದಿನ ರೈಲು ಹಿಡಿಯುತ್ತಿದ್ದ. ನಾನು ರಾಗಿರೊಟ್ಟಿ ಬಡಿಸಿದರೆ, "ಅಕ್ಕಾರ, ಇದನ್ನೂ ರೊಟ್ಟಿ ಅಂತ ತಿಳ್ಕೊಂಡ ತಿಂತೀನ್ರಿ" ಎಂದು ಕಾಡುತ್ತಿದ್ದ. ಹಿಮ ಕುಸಿದು ತೀರಿಹೋದ ಎಂದು ನನಗೆ ಗೊತ್ತಿತ್ತು. ದೇಹ ಸಿಗಲಿಲ್ಲ ಎಂಬುದೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಇವರು ಹೇಳಿರಲಿಲ್ಲ.

ಈಗ ಹೇಳಿದರು. ನನಗಲ್ಲ, ಮಗಳಿಗಲ್ಲ, ಎದುರಿಗಿದ್ದ ಸಾಲಿಗೆ. ಮುಖ್ಯವಾಗಿ ಕಿಕುಚಿ ಸಾನ್‌ಗೆ.

"ಮೇಲಿಂದ ಆರ್ಡರ್ ಬಂತು, ಇನ್ನು ಸಾಕು, ಬೇರೆಯೋರ ಜೀವಕ್ಕೆ ಅಪಾಯ ಅಂತ. ಹುಡುಗ್ರು ಕೇಳ್ಲಿಲ್ಲ. ಕೈಯಲ್ಲಿ ಹಿಮ ತೋಡ್ತಾನೇ ಇದ್ರು. ನಾನು ಎಲ್ಲಾರನ್ನೂ ಸಾಲಾಗಿ ನಿಲ್ಸಿ, ತಲೆ ಎಣಿಸಿ ಗಿನ್ತಿ ತಗೊಂಡು, ವಿಸರ್ಜನ್ ಅಂದೆ. ಅವನು ಅಲ್ಲೇ ಕೆಳಗಿದ್ದ. ನಾನು ವಿಸರ್ಜನ್ ಅಂದಿದ್ದು ಅವನಿಗೆ ಕೇಳ್ಸಿರುತ್ತೆ." ಮಗಳ ಕಡೆ ತಿರುಗಿದರು. "ಆ ಮಾತು ಇನ್ನೊಂದ್ಸಲ ನನ್ ಬಾಯಲ್ಲಿ ಬೇಡ, ವಿನೂ. ಇವರಿಗೆ ಹೇಳಮ್ಮ. ನಂಗೆ ಆಗಲ್ಲ."

ಅಪಾರ್ಟ್‌ಮೆಂಟಿನ ಹುಡುಗ, ಬ್ಯಾಗು, ಲಿಫ್ಟು ಎಂದೆಲ್ಲ ನಾನು ಕಾರಣ ಹುಡುಕಿಕೊಂಡಿದ್ದೆ. ಇವರು ಪಿಂಚಣಿಯ ಜೊತೆ ಹೊತ್ತು ತಂದದ್ದು ಇದನ್ನು. ತಳ್ಳಿ ಕಳಿಸಿದ ಬೆನ್ನನ್ನೇ ನೋಡುತ್ತಾ ನಿಂತೆ.

ವಿನುತಾ ಅಳುತ್ತಲೇ ಜಪಾನಿಯಲ್ಲಿ ಹೇಳಿದಳು. ನಡುನಡುವೆ ಪದ ಸಿಗದೆ ನಿಂತಳು, ಹಿಮ ಎನ್ನುವಲ್ಲಿ ಕೈ ಮಾಡಿ ತೋರಿಸಿದಳು. ಕಿಕುಚಿ ಸಾನ್ ಬಹಳ ಕೆಳಗೆ ಬಗ್ಗಿದರು. "ಸುಮಿಮಾಸೆನ್" ಎಂದರು, ಎದ್ದು ನಿಂತ ಮೇಲೆ ಇನ್ನೊಮ್ಮೆ ಹೇಳಿದರು. ತಾವೇ ಮುಂದೆ ಬಂದು ಆ ಮಾತು ಹೇಳಿ ಸಾಲು ಬಿಡಿಸುತ್ತಾರೆ ಎಂದುಕೊಂಡೆ. ಅವರು ವಿನುತಾಳನ್ನು ಒಂದೇ ಮಾತು ಕೇಳಿದರು.

"ಹೆಸರೇನಂತೆ" ಎಂದಳು ಅವಳು.

"ಮಲ್ಲಪ್ಪ" ಎಂದೆ ನಾನು, ಇವರಿಗಿಂತ ಮೊದಲು.

"ಮಾರಪ್ಪ ಸಾನ್" ಎಂದರು ಕಿಕುಚಿ. ಅವರ ನಾಲಿಗೆಗೆ ನಮ್ಮ ಲಕಾರ ಹೊರಳುವುದಿಲ್ಲ. ಸಾಲಿನವರೂ ಒಬ್ಬರಾದ ಮೇಲೆ ಒಬ್ಬರು ಹೇಳಿಕೊಂಡರು: ಮಾರಪ್ಪ ಸಾನ್, ಮಾರಪ್ಪ ಸಾನ್. ಆಮೇಲೆ ಸಲಿಕೆ ಎತ್ತಿಕೊಂಡು ಮರಳಿಗೆ ಮರಳಿದರು. ಆಜ್ಞೆ ಬರದಿದ್ದರೆ ಕೆಲಸ ಮುಗಿದಿಲ್ಲ ಎಂದರ್ಥ, ಅಷ್ಟೇ.

ಹಿಮಾಲಯದಲ್ಲಿ ಹೂತು ಹೋದ ಗೋಕಾಕದ ಹುಡುಗನನ್ನು ಜಪಾನಿನ ಸಮುದ್ರದ ಮರಳಲ್ಲಿ ಹುಡುಕುವುದು ಹುಚ್ಚು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಅಗೆದರು. ಇವರೂ ಅಗೆದರು, ನಾನು ಮದುವೆಯಾದಂದಿನಿಂದ ಕಂಡಿರದಂತೆ ಬಾಯಿಬಿಟ್ಟು ಅಳುತ್ತಾ, ಮೂಗು ಕೂಡ ಒರೆಸಿಕೊಳ್ಳದೆ ಅಗೆದರು. ನಾನು ಜರಡಿ ಹಿಡಿದು ಪಕ್ಕದಲ್ಲಿ ನಿಂತೆ. ಬೆಳಕು ಇಳಿಯುತ್ತಿತ್ತು. ಇವರು ನಿಲ್ಲಿಸುವ ಸೂಚನೆಯೇ ಇರಲಿಲ್ಲ, ಇವರು ನಿಲ್ಲಿಸದೆ ಅವರು ಯಾರೂ ನಿಲ್ಲಿಸುವಂತಿರಲಿಲ್ಲ. ಈ ಮನುಷ್ಯ ಇಲ್ಲೇ ಅಗೆಯುತ್ತಾ ಇದ್ದುಬಿಡುತ್ತಾರೆ, ನನಗಿನ್ನು ಸಿಗುವುದಿಲ್ಲ ಎಂದು ಭಯವಾಯಿತು.

ಸಾಲಿನ ಕೊನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರೊಬ್ಬರಿದ್ದರು. ಮಂಡಿ ನೋವೋ ಏನೋ, ಸಲಿಕೆ ಕೆಳಗಿಟ್ಟು ಒದ್ದೆ ಮರಳಲ್ಲೇ ಕೂತುಬಿಟ್ಟಿದ್ದರು. ಕೂತಲ್ಲೇ ಬರಿಗೈಯಲ್ಲಿ ತೋಡುತ್ತಿದ್ದರು, ಬೆರಳು ಚಳಿಗೆ ಕೆಂಪಾಗಿದ್ದವು. ಇವರು ಅದನ್ನು ಕಂಡರು. ಸಲಿಕೆ ನಿಂತಿತು. ಸ್ವಲ್ಪ ಹೊತ್ತು ಆ ಕೈಗಳನ್ನೇ ನೋಡಿದರು. ಆಮೇಲೆ ನಡೆದು ಹೋಗಿ, ಅವರ ಮುಂದೆ ಬಗ್ಗಿ, ಆ ಎರಡೂ ಕೈಗಳನ್ನು ಹಿಡಿದುಕೊಂಡರು.

"ಸಾಕು" ಎಂದರು, ಕನ್ನಡದಲ್ಲಿ. "ಸಾಕು, ಏಳಿ. ಮಲ್ಲಪ್ಪ ಸಿಗಲ್ಲ."

ವಿನುತಾ ಅದನ್ನು ಜಪಾನಿಯಲ್ಲಿ ಹೇಳಲಿಲ್ಲ. ಕೂತಿದ್ದ ಆ ಮುದುಕರು ಇವರ ಕೈ ಹಿಡಿದು ಎದ್ದರು.